ಉಪ್ಪು ಬೆವರುವ ಗೋಡೆ

ಹನ್ನೊಂದನೆಯ ಕಂತು

ಗಾರೆ ಕೆಲಸದ ಫುಂಡಿ ಕುಪಿ ಸುತ್ತಿಗೆಯ ಹಿಡಿಯಿಂದ ತೊಲೆಯನ್ನು ಮೂರು ಸಲ ಕುಟ್ಟಿದ. ಮೊದಲೆರಡು ಸಲ ಮರದ ಸದ್ದು ಬಂತು. ಮೂರನೆಯ ಸಲ, ಗೋಡೆಯ ಹತ್ತಿರದ ತುದಿಯಲ್ಲಿ, ಒಣಗಿದ ಸೋರೆಬುರುಡೆಯ ಸದ್ದು ಬಂತು. ಹಿಟ್ಟಿನಂಥ ಪುಡಿ ಅವನ ಟೋಪಿಯ ಮೇಲೆ ಉದುರಿತು.

“ಒಳಗೆಲ್ಲಾ ಖಾಲಿ,” ಎಂದ. “ಗೆದ್ದಲು ಇಲ್ಲಿ ಮೂರು ತಲೆಮಾರು ಸಂಸಾರ ಮಾಡಿದೆ. ಬೀ ತೂಮು, ನೀವು ಮನೆ ಕೊಳ್ತಿಲ್ಲ. ಗೆದ್ದಲಿನ ಊರು ಕೊಳ್ತಿದ್ದೀರಿ.”

ಬೀ ತೂಮು ನಗಲಿಲ್ಲ. ಮೊಂಬಾಸಾದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು ಆಕೆ. ಹತ್ತೊಂಬತ್ತು ವರ್ಷದ ಹಿಂದೆ ಲಾಮು ದ್ವೀಪದ ಈ ಮನೆಯಿಂದ ಆಕೆಯ ತಂಗಿ ಸೊಮೊಯೆ ಕಾಣೆಯಾಗಿದ್ದಳು. ಈಗ ಮನೆ ಮಾರಾಟಕ್ಕಿತ್ತು. ಕೊಂಡರಷ್ಟೇ ಗೋಡೆ ಕೆಡವಿ ನೋಡುವ ಹಕ್ಕು.

“ಕೊಳ್ಳಲೋ ಬೇಡವೋ, ಅದನ್ನು ಹೇಳಿ ಫಮಾವು,” ಎಂದು ಆಕೆ ನನ್ನನ್ನು ಕರೆಸಿದ್ದಳು. ಇಪ್ಪತ್ತಾರು ವರ್ಷ ಕರಾವಳಿಯ ಸುದ್ದಿ ಬರೆದವನು ನಾನು. ಈಗ ಹಳೆಯ ಮನೆ ಕೊಳ್ಳುವವರಿಗೆ ಅದರ ಪತ್ರ, ಗೋಡೆ ಮತ್ತು ಹಿಂದಿನ ಕಥೆ ಪರೀಕ್ಷಿಸಿ ಹೇಳುತ್ತೇನೆ.

ನಾಳೆ ಶುಕ್ರವಾರದ ನಮಾಜು ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು. ಇಲ್ಲದಿದ್ದರೆ ಮನೆ ಇಟಲಿಯ ಹೋಟೆಲಿನವನಿಗೆ. ಅವನ ನಕ್ಷೆಯನ್ನು ನಾನು ನೋಡಿದ್ದೆ. ನಾವು ನಿಂತಿದ್ದ ಕೋಣೆ ಅದರಲ್ಲಿ ಈಜುಕೊಳವಾಗಿತ್ತು.

ಕೋಣೆ ನೆಲ ಅಂತಸ್ತಿನಲ್ಲಿ, ಎಲ್ಲಕ್ಕಿಂತ ಒಳಗೆ. ಕಿಟಕಿ ಇಲ್ಲ. ಎರಡು ವರ್ಷದಿಂದ ಮನೆಯಲ್ಲಿ ಯಾರೂ ಇಲ್ಲ. ಬೀದಿ ಬಾಗಿಲಿನ ಬೀಗ ತುಕ್ಕು ಹಿಡಿದು, ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದ ಮೇಲೆ ತೆರೆದಿತ್ತು. ಒಳಗೆ ತೇವದ ವಾಸನೆ, ಬಾವಲಿಯ ವಾಸನೆ, ಇವೆರಡರ ನಡುವೆ ತೆಳ್ಳಗೆ ಮಲ್ಲಿಗೆಯ ವಾಸನೆ. ಬೀ ತೂಮು ಮುಡಿದಿರಬೇಕು ಎಂದುಕೊಂಡೆ. ಕೇಳಬೇಕಾಗಿತ್ತು. ಕೇಳಲಿಲ್ಲ.

“ರಿಪೇರಿ ಆಗುತ್ತಾ ಕುಪಿ? ಅದನ್ನು ಹೇಳಪ್ಪ,” ಎಂದಳು ಬೀ ತೂಮು.

“ಆಗದೇ ಇರೋದು ಏನಿದೆ? ಸತ್ತೋರನ್ನ ಬಿಟ್ಟು ಎಲ್ಲಾ ರಿಪೇರಿ ಆಗುತ್ತೆ. ಹವಳದ ಕಲ್ಲು ಗಟ್ಟಿ ಇದೆ. ಸುಣ್ಣ ಸುಟ್ಟು ಆರು ತಿಂಗಳು ಕೊಳೆಹಾಕಬೇಕು. ತೊಲೆ ಪೂರ್ತಿ ಹೊಸದು ಬೇಕು. ಒಂದು ಮಾತ್ರ, ಸಿಮೆಂಟು ಅಂದ್ರೆ ನಾನು ಈಗ್ಲೇ ಎದ್ದು ಹೋಗ್ತೀನಿ.”

“ಸಿಮೆಂಟು ಅಂತ ಯಾರಂದ್ರು?”

“ಮೊಂಬಾಸಾದೋರು ಅನ್ನೋಕ್ಕೆ ಮುಂಚೆ ಹೇಳಿಬಿಡೋದು ಒಳ್ಳೇದು.”

ಅವನು ದೀಪ ಎತ್ತಿ ಛಾವಣಿಯನ್ನು ಉದ್ದಕ್ಕೂ ನೋಡುತ್ತಾ ಹೋದ. ಕಾಂಡ್ಲಾ ಮರದ ತೊಲೆಗಳು, ಒಂದರ ಪಕ್ಕ ಒಂದು. ಹಳೆಯ ಕಾಲದವರು ಪ್ರತಿ ತೊಲೆಯ ಎರಡೂ ತುದಿಗೆ ಒಂದೊಂದು ಗೇಣು ಕೆಂಪು ಬಣ್ಣ ಬಳಿಯುತ್ತಿದ್ದರು. ಈ ಮನೆಯ ಎಲ್ಲ ಕೋಣೆಗಳಲ್ಲೂ ಬೆಳಗಿನಿಂದ ಅದನ್ನೇ ನೋಡಿದ್ದೆವು. ಒಂದು ಗೋಡೆಯ ಬಳಿ ಕೆಂಪು, ನಡುವೆ ಕಪ್ಪು, ಇನ್ನೊಂದು ಗೋಡೆಯ ಬಳಿ ಕೆಂಪು.

ಫುಂಡಿಯ ದೀಪ ಒಂದೆಡೆ ನಿಂತುಬಿಟ್ಟಿತು.

“ಇಲ್ಲಿ ನೋಡಿ ಬ್ವಾನ ಫಮಾವು. ಬಾಗಿಲಿನ ಕಡೆ ಕೆಂಪು ಇದೆ. ಈ ಕಡೆ ಎಲ್ಲಿ?”

ಈ ಕಡೆ ಇರಲಿಲ್ಲ. ಕಪ್ಪು ತೊಲೆಗಳು ನೇರವಾಗಿ ಗೋಡೆಯೊಳಗೆ ಹೊಕ್ಕಿದ್ದವು. ಹದಿನಾಲ್ಕು ತೊಲೆ. ಒಂದರಲ್ಲೂ ಎರಡನೆಯ ಕೆಂಪು ಪಟ್ಟಿ ಇರಲಿಲ್ಲ.

ನಾನು ಅಳತೆಪಟ್ಟಿ ಬಿಚ್ಚಿದೆ. ಇತರ ಕೋಣೆಗಳ ಅಗಲ ನನ್ನ ಪುಸ್ತಕದಲ್ಲಿತ್ತು, ಎಲ್ಲವೂ ಆರು ಮೊಳ. ಈ ಊರಿನಲ್ಲಿ ಕೋಣೆಯ ಅಗಲ ತೀರ್ಮಾನಿಸುವುದು ಮನೆಯೊಡೆಯನಲ್ಲ, ಕಾಂಡ್ಲಾ ಮರ. ತೊಲೆ ಎಷ್ಟುದ್ದವೋ ಕೋಣೆ ಅಷ್ಟಗಲ. ಈ ಕೋಣೆ ನಾಲ್ಕೂವರೆ ಮೊಳ ಬಂತು.

ಎರಡನೆಯ ಸಲ ಅಳೆದೆ. ನಾಲ್ಕೂವರೆ.

“ಗೋಡೆಗೆ ಅರ್ಧ ಮೊಳ ಕಳೀರಿ,” ಎಂದ ಕುಪಿ, ದನಿ ತಗ್ಗಿಸಿ.

ಉಳಿದದ್ದು ಒಂದು ಮೊಳ. ಒಂದು ಮೊಳ ಅಗಲದಲ್ಲಿ ಒಬ್ಬ ಮನುಷ್ಯ ನೆಟ್ಟಗೆ ಮಲಗಬಹುದು.

ಬೀ ತೂಮು ಲೆಕ್ಕ ಹಾಕಿಕೊಂಡದ್ದು ಮುಖದಲ್ಲಿ ಕಾಣಿಸಿತು. ಆಕೆ ಕೈಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು.

ಕುಪಿ ಗೋಡೆಯ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಮುಖ ಹಿಂಡಿದ.

“ಉಪ್ಪು. ಸಮುದ್ರದ ಮರಳು ಹಾಕಿ ಕಟ್ಟಿದಾರೆ, ತೊಳೀದೆ. ಇಂಥ ಗೋಡೆ ಸಾಯೋತನಕ ಬೆವರುತ್ತೆ. ಯಾವ ಫುಂಡಿಯೂ ಈ ಕೆಲಸ ಮಾಡಲ್ಲ. ಮತ್ತೆ ಇದು ನೋಡಿ, ಮೊಣಕಾಲಿನ ಮಟ್ಟದಲ್ಲಿ ಗೂಡು! ಇಷ್ಟು ಕೆಳಗೆ ಯಾರಾದ್ರೂ ಗೂಡು ಇಡ್ತಾರಾ? ಬೆಕ್ಕು ದೀಪ ಹಚ್ಚಬೇಕಾ?”

ಗೋಡೆಯ ಎಡತುದಿಯಲ್ಲಿ ಅಂಗೈ ಅಗಲದ ಒಂದು ಪುಟ್ಟ ಗೂಡಿತ್ತು. ದೀಪ ಹಿಡಿದೆ. ನಿಂತಲ್ಲಿಂದ ಕಂಡದ್ದು ಒಣಗಿದ ಎಲೆಗಳ ರಾಶಿಯ ಬುಡ ಮಾತ್ರ. ಇಲಿಯ ಗೂಡು ಎಂದು ಬರೆದುಕೊಂಡೆ. ಅದು ಈ ದಿನದ ನನ್ನ ಎರಡನೆಯ ತಪ್ಪು.

“ಈ ಗೋಡೆ ತೆಗೆದ್ರೆ?” ಎಂದಳು ಬೀ ತೂಮು.

“ತೆಗೆಯೋಕಾಗಲ್ಲ.”

“ನನ್ನ ಮನೆ ಆದ್ಮೇಲೆ ಯಾಕಾಗಲ್ಲ?”

“ಯಾರ ಮನೆ ಆದ್ರೂ ಅಷ್ಟೇ ತಾಯಿ. ಆಚೆಕಡೆ ಇರೋ ನಿಜವಾದ ಗೋಡೇಲಿ ತೊಲೆಯ ತುದಿ ಎಲ್ಲಾ ಗೆದ್ದಲು ತಿಂದಿದೆ. ಕೇಳಿದ್ರಲ್ಲ ಸದ್ದು. ತೊಲೆ ಕುಸಿದು ಈ ಸುಳ್ಳು ಗೋಡೆ ಮೇಲೆ ಕೂತಿದೆ. ಮೇಲಿನ ಎರಡು ಅಂತಸ್ತಿನ ಭಾರ ಹೊತ್ತಿರೋದು ಇದೇ ಈಗ. ಒಂದು ಕಲ್ಲು ಎಳೆದ್ರೆ ಎರಡೂ ಅಂತಸ್ತು ನಮ್ಮ ತಲೆ ಮೇಲೆ.”

“ಬಿಟ್ರೆ?”

“ಉಪ್ಪು ತಿಂತಾ ಇದೆಯಲ್ಲ. ಎರಡು ಮಳೆಗಾಲ. ಹೆಚ್ಚಂದ್ರೆ ಮೂರು.”

“ಬೇರೆ ದಾರಿ?”

“ಮೊದಲು ಮಾಳಿಗೆ ಬಿಚ್ಚಬೇಕು, ಆಮೇಲೆ ನಡುವಿನ ಅಂತಸ್ತು, ಕೊನೇಲಿ ಇದು. ಮೇಲಿಂದ ಕೆಳಕ್ಕೆ ಒಂದೊಂದೇ ಕಲ್ಲು. ಆಗ ಅದು ರಿಪೇರಿ ಅಲ್ಲ, ಮನೆಯ ಮೈಯತ್ತು, ಮಣ್ಣು ಕೊಡೋ ಕೆಲಸ.” ಅವನು ಸುತ್ತಿಗೆಯನ್ನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡ. “ಅಸರಿನ ನಮಾಜಿಗೆ ಹೊತ್ತಾಯ್ತು. ಇಲ್ಲಿ ಇನ್ಮೇಲೆ ನನ್ನ ಕೆಲಸ ಇಲ್ಲ. ಬ್ವಾನ ಫಮಾವು ಕೆಲಸ ಇರಬಹುದು. ಪೊಲೀಸರ ಕೆಲಸ ಇರಬಹುದು. ಕೊಳ್ಳಬೇಡಿ ಬೀ ತೂಮು.”

ಅವನು ಹೋದ. ನನಗೆ ಆಗ ಒಂದೇ ಪ್ರಶ್ನೆ ಉಳಿದಿತ್ತು. ಯಾಕೆ ಸಮುದ್ರದ ಮರಳು?

ಲಾಮುವಿನ ಓಣಿಗಳಲ್ಲಿ ಗಾಡಿ ಬರುವುದಿಲ್ಲ. ಕಲ್ಲು, ಮರಳು, ಸುಣ್ಣ ಎಲ್ಲವೂ ಕತ್ತೆಯ ಬೆನ್ನಿನ ಮೇಲೆ ಬರಬೇಕು. ಕತ್ತೆಯವನಿಗೆ ಹೇಳಿದರೆ ಬೀದಿಗೆ ಹೇಳಿದ ಹಾಗೆ. ಇಂಥವರ ಮನೆಗೆ ಹನ್ನೆರಡು ಕತ್ತೆ ಮರಳು ಹೋಯಿತು, ಏನು ಕಟ್ಟಿಸುತ್ತಿದ್ದಾರೆ ಎಂದು ಮಸೀದಿಯ ಜಗಲಿಯಲ್ಲಿ ಅದೇ ಸಂಜೆ ಮಾತು ನಡೆಯುತ್ತದೆ. ಈ ಊರಿನಲ್ಲಿ ಗುಟ್ಟಾಗಿ ಗೋಡೆ ಕಟ್ಟಬೇಕಾದವನು ಕತ್ತೆಯಿಲ್ಲದೆ ಕಟ್ಟಬೇಕು. ದಂಡೆಯಿಂದ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಕೈಯಲ್ಲೇ ಹೊತ್ತು ತರಬೇಕು.

ಹಾಗೆ ತಂದವನ ಹೆಸರು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಬೀದಿ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

ತ್ವಾಲಿಬ್ ಗೋಡೆ ಹಿಡಿದುಕೊಂಡು ಒಳಗೆ ಬಂದ. ಸೊಮೊಯೆಯ ಗಂಡ, ಮನೆಯ ಒಡೆಯ. ಎಪ್ಪತ್ತು ದಾಟಿದೆ. ಮೂತ್ರಪಿಂಡ ಕೆಟ್ಟು ಕಾಲು ಊದಿಕೊಂಡಿದೆ. ಮೆಟ್ಟಿಲು ಹತ್ತಲಾರದೆ ದಂಡೆಯ ಬಳಿ ತಮ್ಮನ ಮನೆಯಲ್ಲಿದ್ದಾನೆ. ಮನೆಯ ಒಂದೇ ಬೀಗದ ಕೈ ಅವನ ಸೊಂಟದಲ್ಲಿರುತ್ತದೆ. ಬೆಳಿಗ್ಗೆ ನಮಗೆ ತೆರೆದುಕೊಟ್ಟವನೂ ಅವನೇ.

“ಶೆಮೇಜಿ,” ಎಂದು ಬೀ ತೂಮುವಿಗೆ ತಲೆಬಾಗಿಸಿದ. ಹೆಂಡತಿಯ ಅಕ್ಕನನ್ನು ಕರೆಯಬೇಕಾದ ಹಾಗೆ ಕರೆದ, ಹತ್ತೊಂಬತ್ತು ವರ್ಷದಲ್ಲಿ ಏನೂ ಆಗಿಲ್ಲವೆಂಬಂತೆ. “ನೋಡಿದ್ದಾಯ್ತಾ?”

“ಬ್ವಾನ ತ್ವಾಲಿಬ್,” ಎಂದೆ ನಾನು. “ನೀವು ತೊಲೆ ವ್ಯಾಪಾರ ಮಾಡಿದ್ದು ಎಷ್ಟು ವರ್ಷ?”

“ನಲವತ್ತು.”

“ತೊಲೆ ಎಷ್ಟುದ್ದ?”

“ಆರು ಮೊಳ. ಇದನ್ನೆಲ್ಲಾ ಪೇಪರಿನೋರು ಕೇಳಬೇಕಾ? ಇಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು.”

“ಈ ಕೋಣೆ ಎಷ್ಟಗಲ?”

ಆತ ಛಾವಣಿ ನೋಡಲಿಲ್ಲ. ಗೋಡೆ ನೋಡಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೆಟ್ಟಿಲಿನ ಮೇಲೆ ನಿಧಾನವಾಗಿ ಕುಳಿತ. ಊರುಗೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ.

“ನಾಲ್ಕೂವರೆ,” ಎಂದ.

ಬೀ ತೂಮುವಿನ ಉಸಿರು ನನಗೆ ಕೇಳಿಸಿತು.

“ನೀನು ಕಟ್ಟಿದ್ದು,” ಎಂದಳು. ಆಕೆಯ ದನಿ ಏರಲಿಲ್ಲ. ಜ್ವರದ ಅಂಕಿ ಓದಿದ ಹಾಗೆ ಹೇಳಿದಳು. “ಅವಳು ಓಡಿಹೋದಳು ಅಂದೆ. ಮಸ್ಕತ್ತಿನೋನ ಜೊತೆ ಹೋದಳು ಅಂದೆ. ಪ್ರತಿ ರಂಜಾನಿಗೆ ಬಂದು ನಾನು ಈ ಓಣಿಯ ಒಂದೊಂದು ಮನೆ ಬಾಗಿಲು ತಟ್ಟಿದೆ ತ್ವಾಲಿಬ್. ನೀನು ಇಲ್ಲೇ ಮೇಲೆ ಕೂತು ಕಾಫಿ ಕುಡೀತಿದ್ದೆ. ಅವಳು ಇಲ್ಲಿ ಕೆಳಗೆ.”

“ನಾನು ಕಟ್ಟಿಲ್ಲ.”

“ಕತ್ತೆ ಕರೆಸದೆ ದಂಡೆಯ ಮರಳಲ್ಲಿ ಕಟ್ಟಿದಾರೆ,” ಎಂದೆ. “ಕತ್ತೆಯವರು ಬಾಯಿ ಬಿಡ್ತಾರೆ ಅಂತ ಹೆದರಿದೋರು ಕಟ್ಟಿದಾರೆ.”

“ಹೌದು. ಅದು ನಿಜ.” ಆತ ತಲೆಯಾಡಿಸಿದ. “ಮೇಲಿನ ಗಿಲಾವು ನನ್ನದು. ಅದನ್ನ ಒಪ್ಕೋತೀನಿ. ಅದರ ಕೆಳಗಿರೋದು ನನ್ನದಲ್ಲ. ಉಪ್ಪಿಗೆ ಸಡಿಲಾಗಿದೆ, ಉಗುರಲ್ಲಿ ಎಬ್ಬಿಸಿದ್ರೂ ಬರುತ್ತೆ. ಎಬ್ಬಿಸಿ ನೋಡಿ. ನಾನು ಇಲ್ಲೇ ಕೂತಿರ್ತೀನಿ. ಓಡೋ ಕಾಲು ಇವಲ್ಲ.”

ನಾನು ಚಾಕು ತೆಗೆದೆ. ಗಿಲಾವು ರೊಟ್ಟಿಯ ಪದರದಂತೆ ಎದ್ದು ಬಂತು. ಬಾಗಿಲಗಲ ಜಾಗ ಬಿಡಿಸುವುದಕ್ಕೆ ಐದು ನಿಮಿಷ ಹಿಡಿಯಿತು. ಒಳಗಿನ ಗಾರೆ ಬೂದು ಬಣ್ಣದ್ದು, ಚಿಪ್ಪಿನ ಚೂರುಗಳಿಂದ ತುಂಬಿತ್ತು. ಅದಕ್ಕೆ ಕರಣೆ ತಾಗಿರಲಿಲ್ಲ. ಕೈಯಿಂದ ಒತ್ತಿ ಮೆತ್ತಿದ್ದರು.

ಉದ್ದಕ್ಕೂ ಅಂಗೈಗಳ ಗುರುತು.

ನಾನು ಎಣಿಸಿದೆ, ಎಣಿಸುವುದು ನನ್ನ ಅಭ್ಯಾಸ. ನಲವತ್ತಕ್ಕೂ ಹೆಚ್ಚು. ಯಾವುದೂ ನನ್ನ ಅಂಗೈಯಷ್ಟು ಅಗಲವಿರಲಿಲ್ಲ. ಒಂದರಲ್ಲಿ ಬೆರಳುಗಳು ಗಿಡ್ಡ, ಒಂದರಲ್ಲಿ ಉದ್ದ, ಒಂದರಲ್ಲಿ ನಡುಬೆರಳಿಗೆ ಉಂಗುರದ ಗೆರೆ. ನಾಲ್ಕು ಬೇರೆ ಬೇರೆ ಕೈಗಳೆಂದು ಖಚಿತವಾಯಿತು. ಐದು ಎಂದರೂ ತಪ್ಪಾಗಲಾರದು. ಎಲ್ಲವೂ ಹೆಂಗಸರವು.

ಬೀ ತೂಮು ದೀಪವನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಗುರುತಿನ ಬಳಿ ಹಿಡಿದಳು. ಬಲಗೈ. ನಾಲ್ಕು ಬೆರಳು ಪೂರ್ತಿ. ಕಿರುಬೆರಳು ಅರ್ಧಕ್ಕೆ ನಿಂತಿತ್ತು.

ಹನ್ನೊಂದು ದಿನದ ಹಿಂದೆ, ಮೊದಲ ಭೇಟಿಯಲ್ಲಿ, ತಂಗಿಯ ಗುರುತು ಹೇಳಿ ಎಂದು ಕೇಳಿದಾಗ ಆಕೆ ಹೇಳಿದ್ದು ನನ್ನ ಪುಸ್ತಕದ ಮೊದಲ ಪುಟದಲ್ಲೇ ಇತ್ತು: ‘ಏಳು ವರ್ಷದವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಬಲಗೈ ಕಿರುಬೆರಳಿನ ತುದಿ ಹೋಗಿದೆ.’

ಆ ಗುರುತು ಒಂದೇ ಇರಲಿಲ್ಲ. ಬಿಡಿಸಿದ ಜಾಗದ ಉದ್ದಕ್ಕೂ ಹನ್ನೆರಡು ಕಡೆ ಇತ್ತು.

“ಅವಳು ಗೋಡೆಯ ಈಚೆ ಇದ್ದಳು,” ಎಂದೆ. ಯಾರಿಗೂ ಹೇಳಬೇಕಾಗಿರಲಿಲ್ಲ.

ಬೀ ತೂಮು ತನ್ನ ಅಂಗೈಯನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂರಲಿಲ್ಲ. ಆಕೆಯದು ದೊಡ್ಡ ಕೈ.

“ಮೀನಿನ ಕಾಲದಲ್ಲಿ ಕಾಂಡ್ಲಾ ಕಾಡಿಗೆ ಹೋದವನು ನಾನು ತಿಂಗಳ ಮೇಲೆ ಬಂದೆ,” ಎಂದ ತ್ವಾಲಿಬ್. “ಮನೇಲಿ ಯಾರೂ ಇಲ್ಲ. ಈ ಗೋಡೆ ಇದೆ, ಹಸಿ ಆರಿಲ್ಲ. ತೊಲೆ ನೋಡಿದ ತಕ್ಷಣ ಗೊತ್ತಾಯ್ತು, ಅವು ನಾನೇ ಕಡಿಸಿ ತಂದವು. ಯಾರನ್ನೂ ಕೇಳಲಿಲ್ಲ. ಆದ್ರೆ ಮಾರನೇ ದಿನ ನಾಲ್ಕು ಮನೆಯಿಂದ ನನಗೆ ಅನ್ನ ಬಂತು. ಮೂರು ದಿನ ನನ್ನ ಒಲೆ ಹೊತ್ತಿಸೋಕೆ ಬಿಡಲಿಲ್ಲ. ಸಾವಾದ ಮನೆಗೆ ಕಳಿಸ್ತಾರಲ್ಲ, ಹಾಗೆ. ತಂದಿಟ್ಟು ಒಂದು ಮಾತಾಡದೆ ಹೋಗ್ತಿದ್ರು.”

“ನಾಲ್ಕು ಮನೆ,” ಎಂದೆ.

“ನಾಲ್ಕು. ನೀರಿನ ಕೊಡದಲ್ಲಿ ಮರಳು ತಂದ್ರು ಅಂತ ಆಮೇಲೆ ಅಂದಾಜು ಮಾಡ್ದೆ. ಕೊಡ ಹೊತ್ತ ಹೆಂಗಸನ್ನ ಈ ಓಣೀಲಿ ಯಾವ ಗಂಡಸು ತಲೆಯೆತ್ತಿ ನೋಡ್ತಾನೆ? ನಾನೂ ನೋಡ್ತಿರಲಿಲ್ಲ.”

“ಮಸ್ಕತ್ತಿನೋನು?”

“ನಾನು ಹುಟ್ಟಿಸಿದೋನು. ಹೆಂಡತಿ ಬಿಟ್ಟುಹೋದ ಗಂಡ ಅಂತ ಊರು ನಕ್ರೆ ನಗಲಿ. ಅವಳನ್ನ ಹುಡುಕೋರು ಉತ್ತರಕ್ಕೆ ನೋಡ್ಲಿ ಅಂತ.”

“ಗೋಡೆ ಒಡೆದು ಯಾಕೆ ನೋಡಲಿಲ್ಲ?”

“ನೋಡಿದ್ರೆ ಗೊತ್ತಾಗ್ತಿತ್ತು. ಗೊತ್ತಾದ್ರೆ ಯಾವತ್ತಾದ್ರೂ ಯಾರಾದ್ರೂ ಪ್ರಮಾಣ ಮಾಡಿಸಿ ಕೇಳ್ತಿದ್ರು.” ಆತ ಬೀ ತೂಮುವಿನ ಕಡೆ ತಿರುಗಿದ. “ಶೆಮೇಜಿ, ಆ ತಿಂಗಳು ಈ ಮನೆಯಿಂದ ಸೊಮೊಯೆ ಒಬ್ಬಳೇ ಹೋದಳಾ?”

 ಬೀ ತೂಮು ಕೈಯನ್ನು ಗೋಡೆಯಿಂದ ತೆಗೆದಳು. ಅಂಗೈಗೆ ಅಂಟಿದ್ದ ಉಪ್ಪನ್ನು ನೋಡಿಕೊಂಡಳು.

“ಅಪ್ಪ,” ಎಂದಳು.

ಅವರ ತಂದೆ ಬ್ವಾನಕೊಂಬೊ, ಹೆಂಡತಿ ತೀರಿಕೊಂಡ ಮೇಲೆ ಈ ಮನೆಯ ಮೇಲಂತಸ್ತಿನಲ್ಲಿ ಕಿರಿಯ ಮಗಳ ಜೊತೆ ಏಳು ವರ್ಷ ಇದ್ದವರು. ಹಜ್ ಯಾತ್ರೆಗೆ ಹೋಗಿ ಜೆಡ್ಡಾದಲ್ಲಿ ತೀರಿಕೊಂಡರು, ಅಲ್ಲೇ ಮಣ್ಣಾಯಿತು ಎಂದು ಸೊಮೊಯೆ ಅಕ್ಕನಿಗೆ ಕಾಗದ ಬರೆದಿದ್ದಳು. ತೂಮು ಮೊಂಬಾಸಾದಲ್ಲೇ ಅವರಿಗಾಗಿ ಪ್ರಾರ್ಥನೆ ಮಾಡಿಸಿದಳು. ಎರಡು ವಾರದ ಮೇಲೆ ಸೊಮೊಯೆಯೂ ಇಲ್ಲವೆಂಬ ಸುದ್ದಿ ಬಂತು. ಎರಡನೆಯ ಸುದ್ದಿ ಮೊದಲನೆಯದನ್ನು ಮುಚ್ಚಿಹಾಕಿತು.

ಆ ವರ್ಷದ ಹಜ್ ಯಾತ್ರಿಗಳ ಪಟ್ಟಿಯನ್ನು ನಾನು ನೋಡಿರಲಿಲ್ಲ. ನೋಡಲು ಅರ್ಧ ದಿನ ಸಾಕಾಗಿತ್ತು. ನಾನು ಹುಡುಕುತ್ತಿದ್ದುದು ಕಾಣೆಯಾದ ಹೆಂಗಸನ್ನು. ಮುದುಕ ಕಾಣೆಯಾಗಿದ್ದಾನೆಂದು ಯಾರೂ ದೂರಿರಲಿಲ್ಲ.

“ಯಾಕೆ?” ಎಂದು ನಾನು ತ್ವಾಲಿಬ್‌ನನ್ನು ಕೇಳಿದೆ.

“ನನಗೇನು ಗೊತ್ತು? ಆ ಏಳು ವರ್ಷ ನಾನು ಕಾಡಲ್ಲೇ ಜಾಸ್ತಿ ಇದ್ದೆ. ಬಂದಾಗೆಲ್ಲಾ ಅವಳು, ಈ ಸಲ ಹೋಗಬೇಡಿ ಅಂತಿದ್ಲು. ಯಾಕೆ ಅಂತ ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ.”

ಉತ್ತರ ಬಂದದ್ದು ಇನ್ನೊಂದು ಕಡೆಯಿಂದ.

“ನಾನು ಹದಿನೇಳಕ್ಕೇ ಮೊಂಬಾಸಾಗೆ ಹೋದೆ,” ಎಂದಳು ಬೀ ತೂಮು, ಗೋಡೆಗೆ ಹೇಳುವಂತೆ. “ಓದೋ ಹುಚ್ಚು ಅಂದ್ರು ಎಲ್ಲಾರೂ. ನಾನೂ ಹಾಗೇ ಅಂದೆ, ಅಪ್ಪನಿಂದ ತಪ್ಪಿಸ್ಕೊಂಡೆ ಅನ್ನಲಿಲ್ಲ. ಅವಳಿಗೆ ಒಂಬತ್ತು ವರ್ಷ ಆಗ. ಜೆಟ್ಟಿ ತನಕ ಬಂದು ನನ್ನ ಬಟ್ಟೆ ಹಿಡ್ಕೊಂಡು, ನನ್ನನ್ನೂ ಕರ್ಕೊಂಡು ಹೋಗು ಅಂದ್ಲು.”

ಅಷ್ಟೇ ಹೇಳಿದಳು. ನಾನು ಪುಸ್ತಕ ಮುಚ್ಚಿದೆ. ಬರೆದುಕೊಳ್ಳಬಾರದ ಸಂಗತಿಗಳಿರುತ್ತವೆಂದು ಪತ್ರಿಕೆಯಲ್ಲಿ ಯಾರೂ ಕಲಿಸುವುದಿಲ್ಲ.

ತ್ವಾಲಿಬ್ ಊರುಗೋಲಿನ ತುದಿಯಿಂದ ನೆಲದ ಮೇಲಿನ ಗಾರೆಯ ಚೂರುಗಳನ್ನು ಒಂದು ಕಡೆ ಸರಿಸಿದ.

“ಇಟಲಿಯೋನು ಸೋಮವಾರ ಕೆಲಸದೋರನ್ನ ತರ್ತಾನೆ. ಮೇಲಿಂದ ಬಿಚ್ಚಿಸ್ತಾನೆ, ಅವನಿಗೆ ಅವಸರ ಇಲ್ಲ. ಇಲ್ಲಿಗೆ ಬಂದಾಗ ನಿಮ್ಮಪ್ಪ ಸಿಕ್ತಾರೆ. ಅವರಿಗೆ ಸ್ನಾನ, ಕಫನು, ಮಣ್ಣು ಎಲ್ಲಾ ಆಗುತ್ತೆ. ಆಮೇಲೆ ಪೊಲೀಸರು ಬಂದು ಈ ಕೈಗಳನ್ನ ಎಣಿಸ್ತಾರೆ, ಬ್ವಾನ ಫಮಾವು ಎಣಿಸಿದ ಹಾಗೆ. ಅರ್ಧ ಬೆರಳಿನ ಗುರುತು ಸಿಕ್ಕಿದ್ರೆ ಹುಡುಕದೆ ಬಿಡಲ್ಲ.” ಆತ ಕೆಮ್ಮಿದ. “ನೀವು ಕೊಂಡ್ರೆ ಗೋಡೆ ನಿಮ್ಮದು. ಅದಕ್ಕೇ ಮೊದಲು ನಿಮಗೆ ಹೇಳಿಕಳಿಸಿದ್ದು. ಇನ್ನು ಆಸ್ಪತ್ರೆ ಸೇರಬೇಕು, ಅಲ್ಲಿಂದ ನಾನು ವಾಪಸ್ಸು ಬರೋನಲ್ಲ.”

“ಅಪ್ಪನಿಗೆ ಮಣ್ಣು ಕೊಟ್ರೆ ಅವಳಿಗೆ ನೇಣು,” ಎಂದಳು ಬೀ ತೂಮು. “ಅವಳನ್ನ ಉಳಿಸಿದ್ರೆ ಅಪ್ಪ ಇಲ್ಲೇ, ಮರಳು, ಕಲ್ಲಿನ ಮಧ್ಯೆ.”

“ಹೌದು.”

“ಅವಳು ಬದುಕಿದಾಳೋ ಇಲ್ವೋ ಅದೂ ಗೊತ್ತಿಲ್ಲ.”

“ಗೊತ್ತಿಲ್ಲ.”

ಕಾನೂನು ಏನು ಹೇಳುತ್ತದೆಂದು ನಾನು ಹೇಳಬೇಕಾಗಿತ್ತು. ಶವ ಇರುವ ಗುಮಾನಿ ಇದ್ದರೆ ಠಾಣೆಗೆ ತಿಳಿಸುವುದು ನನ್ನ ಕರ್ತವ್ಯ, ಅದನ್ನೂ ಹೇಳಬೇಕಾಗಿತ್ತು. ಆಕೆ ನನ್ನ ಕಡೆ ನೋಡಿದಳು. ಹೇಳಲಿಕ್ಕೆ ಬಾಯಿ ತೆರೆದೆ. ಆಕೆ ಬೇಡವೆಂದು ತಲೆಯಾಡಿಸಿದಳು.

“ಕೊಳ್ತೀನಿ.”

“ಫುಂಡಿ ಹೇಳಿದ್ದು ಕೇಳಿದ್ರಲ್ಲ ಶೆಮೇಜಿ. ಈ ಗೋಡೆ ಎರಡು ಮಳೆಗಾಲ ನಿಂತ್ರೆ ಹೆಚ್ಚು.”

“ಹಾಗಾದ್ರೆ ಎರಡು ಮಳೆಗಾಲ ಕೊಳ್ತೀನಿ.”

ತ್ವಾಲಿಬ್ ಎದ್ದ. ಸಾಕ್ಷಿಗೆ ತಮ್ಮನನ್ನು ಕರೆದುಕೊಂಡು ಕಾಗದದ ಜೊತೆ ಬರುತ್ತೇನೆಂದು ಹೇಳಿ ಹೋದ. ಊರುಗೋಲಿನ ಸದ್ದು ಓಣಿಯಲ್ಲಿ ಕರಗುವುದಕ್ಕೆ ಬಹಳ ಹೊತ್ತಾಯಿತು.

ನಾನು ಗಾರೆಯ ಚೂರುಗಳನ್ನು ಆರಿಸಲು ಬಗ್ಗಿದೆ. ಮೊಣಕಾಲೂರಿದಾಗ ಮುಖ ಆ ಪುಟ್ಟ ಗೂಡಿನ ಎದುರು ಬಂತು. ಮಲ್ಲಿಗೆಯ ವಾಸನೆ ಅಲ್ಲಿ ದಟ್ಟವಾಗಿತ್ತು.

“ಬೀ ತೂಮು, ನೀವು ಮಲ್ಲಿಗೆ ಮುಡಿದಿದ್ದೀರಾ?”

“ಗಂಡ ಹೋದ್ಮೇಲೆ ಮುಟ್ಟಿಲ್ಲ. ಯಾಕೆ?”

ಗೂಡಿಗೆ ಕೈ ಹಾಕಿದೆ. ಇಲಿಯ ಗೂಡಲ್ಲ. ದಾರದಿಂದ ಕಟ್ಟಿದ ಸಣ್ಣ ಸಣ್ಣ ಹೂವಿನ ಕಟ್ಟುಗಳು. ಮಲ್ಲಿಗೆ, ಕಾಮಕಸ್ತೂರಿ, ಕೇದಿಗೆಯ ಸೀಳು ಸೇರಿಸಿ ಇಲ್ಲಿನ ಹೆಂಗಸರು ಗುರುವಾರ ಕಟ್ಟಿಕೊಳ್ಳುವ ಕಿಕುಬ. ಅಡಿಯವು ಮುಟ್ಟಿದರೆ ಪುಡಿಯಾದವು. ಅವುಗಳ ಮೇಲಿನವು ಕಂದು. ಇನ್ನೂ ಮೇಲಿನವು ಹಳದಿ. ಒಂದರ ಮೇಲೊಂದು ಪದರ ಪದರವಾಗಿ ಕುಳಿತಿದ್ದವು.

ಎಲ್ಲಕ್ಕಿಂತ ಮೇಲಿನದರ ಎಲೆ ಹಸಿರಾಗಿತ್ತು. ಮೊಗ್ಗುಗಳು ಇನ್ನೂ ಅರಳಿರಲಿಲ್ಲ.

ಇಂದು ಗುರುವಾರ.

ಬೀ ತೂಮು ಅದನ್ನು ನನ್ನ ಅಂಗೈಯಿಂದ ತೆಗೆದುಕೊಂಡಳು. ನರ್ಸ್ ನಾಡಿ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದಳು.

“ಬೀಗ ತುಕ್ಕು ಹಿಡಿದಿತ್ತು,” ಎಂದಳು. “ಬೀಗದ ಕೈ ತ್ವಾಲಿಬ್ ಹತ್ರ. ಯಾವ ಬಾಗಿಲಿಂದ ಬಂದ್ರು?”

ಆಗ ನನಗೆ ಹೊಳೆಯಿತು. ನಾವು ಗಂಡಸರು ಮನೆಯೆಂದರೆ ಬೀದಿ ಬಾಗಿಲನ್ನು ನೋಡುತ್ತೇವೆ. ನಾನು ಹನ್ನೊಂದು ದಿನ ಅದರ ಬೀಗ, ಅದರ ಚಿಲಕ, ಅದರ ಮುಂದೆ ಕೂರುವ ಕಾಫಿ ಮಾರುವವನ ಹೇಳಿಕೆ, ಎಲ್ಲ ಬರೆದುಕೊಂಡಿದ್ದೆ. ಈ ಊರಿನ ಹೆಂಗಸರು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಬೀದಿಗೆ ಇಳಿಯುವುದೇ ಇಲ್ಲ. ಮೇಲಂತಸ್ತಿನಲ್ಲಿ ಓಣಿಯನ್ನು ದಾಟುವ ಸೇತುಕೋಣೆ ಇರುತ್ತದೆ. ಅಲ್ಲಿ ಗಂಡಸರು ಕಾಲಿಡುವುದಿಲ್ಲ. ಕಾಲಿಡದ ಜಾಗ ಲೆಕ್ಕಕ್ಕೂ ಬರುವುದಿಲ್ಲ.

ಮೆಟ್ಟಿಲ ಕಡೆ ದೀಪ ತಿರುಗಿಸಿದೆ. ಎರಡೂ ಅಂಚಿನಲ್ಲಿ ಎರಡು ವರ್ಷದ ಧೂಳು. ನಡುವೆ, ಮೇಲಿನವರೆಗೆ, ಒಂದು ಗೇಣಗಲ ಕಲ್ಲು ಸ್ವಚ್ಛವಾಗಿತ್ತು. ಬೆಳಿಗ್ಗೆ ನಾವು ಒಂದು ಸಲ ಹತ್ತಿಳಿದದ್ದರಿಂದ ಹಾಗಾಗುವುದಿಲ್ಲ.

ಬೀ ತೂಮು ನನಗಿಂತ ಮೊದಲು ಹತ್ತಿದಳು.

ಮೇಲಿನ ಪಡಸಾಲೆಯ ಕೊನೆಗೆ ಸೇತುಕೋಣೆ. ಕೆಳಗೆ ಓಣಿಯಲ್ಲಿ ಯಾರದೋ ಕತ್ತೆ ಹೋಗುತ್ತಿತ್ತು. ಆಚೆ ತುದಿಯಲ್ಲಿ ತಗ್ಗಾದ ಒಂದು ಬಾಗಿಲು. ಅದಕ್ಕೆ ಜೇಡರಬಲೆ ಇರಲಿಲ್ಲ. ತಿರುಗಣಿಗೆ ತೆಂಗಿನೆಣ್ಣೆ ಹಚ್ಚಿದ್ದು ಮಿನುಗುತ್ತಿತ್ತು.

“ಈ ಬಾಗಿಲು ಯಾರ ಮನೆಗೆ ಹೋಗುತ್ತೆ?” ಎಂದೆ. ಓಣಿಯ ಲೆಕ್ಕ ನನಗೆ ಕೆಳಗಿನಿಂದ ಗೊತ್ತಿತ್ತು, ಮೇಲಿನಿಂದಲ್ಲ.



“ಬೀ ರೆಹೇಮಾ ಮನೆಗೆ,” ಎಂದಳು.

ಬೀ ರೆಹೇಮಾ ಅವರ ತಾಯಿಯ ಗೆಳತಿ. ಹನ್ನೊಂದು ದಿನದಿಂದ ಬೀ ತೂಮು ಉಳಿದುಕೊಂಡಿದ್ದುದು ಅದೇ ಮನೆಯಲ್ಲಿ. ಪ್ರತಿ ರಂಜಾನಿಗೆ ಉಳಿಯುತ್ತಿದ್ದುದೂ ಅಲ್ಲೇ. ನಿನ್ನೆಯಷ್ಟೇ ಬೀ ತೂಮು ನನ್ನ ಜೊತೆ ನಗುತ್ತಾ ಹೇಳಿದ್ದಳು: ಪಕ್ಕದ ಕೋಣೆಯಲ್ಲಿ ಪಾಟೆ ದ್ವೀಪದ ನೆಂಟಳೊಬ್ಬಳು ಕೆಮ್ಮುತ್ತಾಳೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ಮೂವತ್ತೊಂದು ವರ್ಷ ನರ್ಸ್ ಆಗಿದ್ದೀನಿ, ಎದೆ ನೋಡ್ತೀನಿ ಅಂದ್ರೆ ಬೀ ರೆಹೇಮಾ ಬಿಡಲ್ಲ. ಹೊಸಬರನ್ನ ಕಂಡ್ರೆ ಅವಳಿಗೆ ಭಯ ಅಂತಾಳೆ. ನಾನೇನು ಅವಳನ್ನ ನುಂಗೋಕೆ ಬಂದಿದೀನಾ?

ಈಗ ಬಾಗಿಲಿನ ಆಚೆ ಯಾರೋ ಕೆಮ್ಮಿದರು.

ಬೀ ತೂಮು ಹತ್ತಿರ ಹೋದಳು. ಹೂವಿದ್ದ ಕೈಯನ್ನು ಬಾಗಿಲ ಮರಕ್ಕೆ ಒತ್ತಿದಳು. ತಟ್ಟಲಿಲ್ಲ.

“ಸೊಮೊ,” ಎಂದಳು. “ನಾನು ತೂಮು ಕಣೇ. ಮನೆ ಕೊಂಡಿದೀನಿ. ಯಾರೂ ಒಡೆಯಲ್ಲ.”

ಕೆಮ್ಮು ನಿಂತಿತು.

ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಂದು ನೆರಳು ಬಂದು ನಿಂತಿತು. ಉಸಿರಾಟ ಕೇಳಿಸುತ್ತಿತ್ತು, ಎದೆಯಲ್ಲಿ ಕಫ ಗಟ್ಟಿಯಾದವರದು. ಮರದ ದಪ್ಪವಷ್ಟೇ ನಡುವೆ. ನಾನು ಮೂವತ್ತರವರೆಗೆ ಎಣಿಸಿದೆ.

“ಜೆಟ್ಟಿಯಲ್ಲಿ ನಿನ್ನನ್ನ ಬಿಟ್ಟು ಹೋದೆ,” ಎಂದಳು ಬೀ ತೂಮು. “ಅದಕ್ಕೇ ಬಂದಿದೀನಿ.”

ಆಚೆಯಿಂದ ಅಗುಳಿ ಸರಿಯಿತು. ತೆರೆಯುವ ದಿಕ್ಕಿಗಲ್ಲ.